ಒಂದು ಬೆಣ್ಣೆ ಮಸಾಲೆ ದೋಸೆ, ಎಂಟು ಲೀಟರ್ ಕುದಿನೀರು

ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖಕ್ಕೆ ಒಂದು ಕಿಲೋಕ್ಯಾಲೊರಿ ಎನ್ನುತ್ತಾರೆ. ಊಟದ ಮಾತು ಬಂದಾಗ ನಾವು ಸುಮ್ಮನೆ ‘ಕ್ಯಾಲೊರಿ’ ಅನ್ನುವುದು ಇದನ್ನೇ. ನಲ್ಲಿಯಿಂದ ಹಿಡಿದ ನೀರು 25 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ ಅದು ಕುದಿಯಬೇಕಾದರೆ ಇನ್ನೂ 75 ಡಿಗ್ರಿ ಏರಬೇಕು. ಲೀಟರಿಗೆ 75 ಕ್ಯಾಲೊರಿ ಬೇಕು. ಈಗ ಒಳ್ಳೆಯ ಹೋಟೆಲಿನ ಒಂದು ಬೆಣ್ಣೆ ಮಸಾಲೆ ದೋಸೆಯನ್ನು ಪಲ್ಯ, ಚಟ್ನಿ ಸಮೇತ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ 600 ಕ್ಯಾಲೊರಿ ಇರುತ್ತದೆ. 600ನ್ನು 75ರಿಂದ ಭಾಗಿಸಿದರೆ 8. ಹತ್ತು ನಿಮಿಷದಲ್ಲಿ ತಿಂದು ಕೈ ತೊಳೆದು ಬರುವ ಒಂದು ದೋಸೆಯೊಳಗೆ ಎಂಟು ಲೀಟರ್ ನೀರನ್ನು ಕುದಿಸುವಷ್ಟು ಶಾಖ ಅಡಗಿದೆ!

ಆಹಾರವನ್ನು ಹೀಗೆ ಶಾಖದಲ್ಲಿ ಅಳೆಯುವ ಲೆಕ್ಕಕ್ಕೆ ಗಟ್ಟಿ ತಳಪಾಯ ಹಾಕಿದವರು ಅಮೆರಿಕದ ವಿಜ್ಞಾನಿ ವಿಲ್ಬರ್ ಆಟ್‌ವಾಟರ್. 19ನೇ ಶತಮಾನದ ಕೊನೆಯಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ಸಂಗಡಿಗರೂ ಮನುಷ್ಯ ಒಳಗೇ ಇದ್ದು ಉಂಡು ಮಲಗಬಹುದಾದಷ್ಟು ದೊಡ್ಡ ಕ್ಯಾಲೊರಿಮೀಟರ್ ಕಟ್ಟಿದರು. ಒಳಗಿದ್ದವನು ಏನು ತಿಂದ, ಅವನ ಮೈಯಿಂದ ಎಷ್ಟು ಶಾಖ ಹೊರಬಂತು ಎಂದು ಅಳೆದರು. ಇಂದಿಗೂ ಜಗತ್ತಿನ ಆಹಾರದ ಪೊಟ್ಟಣಗಳ ಮೇಲಿನ ಲೆಕ್ಕ ನಿಂತಿರುವುದು ಅವರು ಕೊಟ್ಟ ಮೂರು ಸಂಖ್ಯೆಗಳ ಮೇಲೆ: ಒಂದು ಗ್ರಾಂ ಪಿಷ್ಟಕ್ಕೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9.

ತೂಕ ಇಳಿಸಲು ಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತು ‘ಹೋಟೆಲ್ ತಿಂಡಿ ಬಿಟ್ಟುಬಿಡಿ’. ನಮ್ಮ ಇಂದಿನ ಬದುಕಿನಲ್ಲಿ ಅದು ನಡೆಯುವ ಮಾತಲ್ಲ. ಕೇಂದ್ರ ಸರಕಾರದ 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರದವರ ತಿಂಗಳ ಖರ್ಚಿನ ಶೇ 10.64ರಷ್ಟು ಪಾನೀಯ, ತಿಂಡಿತೀರ್ಥ, ಸಿದ್ಧ ಆಹಾರಕ್ಕೆ ಹೋಗಿತ್ತು. ಆಹಾರದ ಬಾಬತ್ತಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಪಾಲು. ಹಳ್ಳಿಗಳಲ್ಲೂ ಅದು ಶೇ 9.62. ಹೀಗೆ ಹೊರಗೆ ತಿನ್ನುವುದು ಬದುಕಿನ ಭಾಗವೇ ಆಗಿರುವಾಗ, ಬಿಡುವ ಶಪಥಕ್ಕಿಂತ ತಿಳಿದು ತಿನ್ನುವ ಲೆಕ್ಕವೇ ಕೈ ಹಿಡಿಯುತ್ತದೆ. ಆ ಲೆಕ್ಕದೊಳಗೆ ಇಳಿದರೆ ಸಿಗುವ ಸಂಖ್ಯೆಗಳು ಒಂದಕ್ಕಿಂತ ಒಂದು ಬೆರಗು ಹುಟ್ಟಿಸುತ್ತವೆ.

ಬೆಟ್ಟ ಹತ್ತಿದರೆ ಎಷ್ಟು?

ಶಾಖದ ಬದಲು ಎತ್ತರದಲ್ಲಿ ಅಳೆದು ನೋಡೋಣ. 70 ಕೆಜಿ ತೂಕದ ಒಬ್ಬ ಮನುಷ್ಯನನ್ನು ಸಮುದ್ರಮಟ್ಟದಿಂದ 8,849 ಮೀಟರ್ ಎತ್ತರದ ಎವರೆಸ್ಟ್ ತುದಿಗೆ ನೇರವಾಗಿ ಎತ್ತಲು, ಬರೀ ಭೌತಶಾಸ್ತ್ರದ ಲೆಕ್ಕದಲ್ಲಿ, ಬೇಕಾಗುವ ಶಕ್ತಿ ಸುಮಾರು 1,450 ಕ್ಯಾಲೊರಿ. ಈಗ ಭಾನುವಾರ ರಾತ್ರಿ ಮನೆಮಂದಿಯೆಲ್ಲ ಹೋಗುವ ಫ್ಯಾಮಿಲಿ ರೆಸ್ಟೊರೆಂಟಿನಲ್ಲಿ ಒಬ್ಬರ ಪಾಲಿಗೆ ಬರುವ ಊಟ ನೋಡಿ: ಒಂದು ಬಟ್ಟಲು ಸೂಪು, ಅರ್ಧ ಪ್ಲೇಟ್ ಗೋಬಿ ಮಂಚೂರಿ, ಎರಡು ಬಟರ್ ನಾನ್, ಒಂದು ಬಟ್ಟಲು ಪನೀರ್ ಬಟರ್ ಮಸಾಲ, ಅರ್ಧ ಪ್ಲೇಟ್ ಜೀರಾ ರೈಸ್, ಕೊನೆಗೆ ಐಸ್‌ಕ್ರೀಮಿನ ಜೊತೆ ಜಾಮೂನು. ಎಣ್ಣೆ, ಬೆಣ್ಣೆ, ಮೈದಾ, ಸಕ್ಕರೆಗಳನ್ನು ಗ್ರಾಂ ಲೆಕ್ಕದಲ್ಲಿ ಕೂಡಿಸುತ್ತಾ ಹೋದರೆ ಮೊತ್ತ 1,700ರ ಆಸುಪಾಸಿಗೆ ಬರುತ್ತದೆ. ಆ ಶಕ್ತಿ ಅದೇ ಮನುಷ್ಯನನ್ನು ಹತ್ತು ಕಿಲೋಮೀಟರಿಗಿಂತ ಮೇಲಕ್ಕೆ, ಜೆಟ್ ವಿಮಾನಗಳು ಹಾರುವ ಎತ್ತರಕ್ಕೆ ಎತ್ತಬಲ್ಲದು.

ನಮ್ಮ ಸ್ನಾಯುಗಳು ಅಷ್ಟು ಮಿತವ್ಯಯಿಗಳಲ್ಲ. ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಕೆಲಸವಾಗಿ, ಉಳಿದದ್ದು ಬೆವರಿನ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬೆಟ್ಟ ಹತ್ತುವವರಿಗೆ ನಾಲ್ಕು ಪಟ್ಟು ಕ್ಯಾಲೊರಿ ಖರ್ಚಾಗುತ್ತದೆ. ಹಾಗಿದ್ದೂ ಚಾಮುಂಡಿ ಬೆಟ್ಟದ ಲೆಕ್ಕ ಕೇಳಿ. ಸುಮಾರು 1,000 ಮೆಟ್ಟಿಲು, ಹೆಚ್ಚೆಂದರೆ 300 ಮೀಟರ್ ಎತ್ತರ. 70 ಕೆಜಿಯ ಮೈಯನ್ನು ಅಷ್ಟು ಮೇಲಕ್ಕೆ ಒಯ್ಯಲು ಬೇಕಾದ ಶುದ್ಧ ಶಕ್ತಿ 49 ಕ್ಯಾಲೊರಿ. ಸ್ನಾಯುಗಳ ನಷ್ಟ ಸೇರಿಸಿದರೆ ಸುಮಾರು 200. ಬುಡದಿಂದ ಏದುಸಿರು ಬಿಡುತ್ತಾ ದೇವಸ್ಥಾನದವರೆಗೆ ಹತ್ತಿದ ಇಡೀ ಶ್ರಮ ಒಂದೂವರೆ ಉದ್ದಿನ ವಡೆಗೂ ಸಾಲದು.

ನಡಿಗೆಯ ಲೆಕ್ಕವೂ ಹೀಗೇ. 70 ಕೆಜಿ ತೂಕದವರು ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್ ನಡೆದರೆ ಒಟ್ಟು ಖರ್ಚಾಗುವುದು ಸುಮಾರು 50 ಕ್ಯಾಲೊರಿ. ನಮ್ಮ ಮೈಯಲ್ಲಿ ಶೇಖರವಾಗುವ ಒಂದು ಕೆಜಿ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲೊರಿ. ಅದನ್ನು ನಡೆದೇ ಕರಗಿಸಬೇಕಾದರೆ 154 ಕಿಲೋಮೀಟರ್ ನಡೆಯಬೇಕು. ಬೆಂಗಳೂರಿನಿಂದ ಹೊರಟರೆ ಮೈಸೂರು ದಾಟಬೇಕು. ಮೈತೂಕದ ಐದರಲ್ಲೊಂದು ಪಾಲು ಕೊಬ್ಬಿರುವ 70 ಕೆಜಿಯ ಗಂಡಸಿನ ಮೈಯಲ್ಲಿ 14 ಕೆಜಿ ಕೊಬ್ಬಿದೆ. ಅಂದರೆ 1,07,800 ಕ್ಯಾಲೊರಿಯ ಉಗ್ರಾಣ, 2,150 ಕಿಲೋಮೀಟರಿನ ನಡಿಗೆಗೆ ಸಾಕಾಗುವ ಬುತ್ತಿ. ಬೆಂಗಳೂರಿನಿಂದ ದೆಹಲಿಗೆ ರಸ್ತೆಯ ದೂರವೂ ಹತ್ತಿರ ಹತ್ತಿರ ಅಷ್ಟೇ. ಬರಗಾಲವನ್ನು ದಾಟಿ ಉಳಿಯಲೆಂದೇ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಈ ದೇಹ ಅಷ್ಟು ಜತನದಿಂದ ಕೂಡಿಡುತ್ತದೆ, ಅಷ್ಟು ಹಿಡಿತದಿಂದ ಖರ್ಚು ಮಾಡುತ್ತದೆ. ವ್ಯಾಯಾಮ ಹೃದಯಕ್ಕೆ, ಮೂಳೆಗೆ, ಮನಸ್ಸಿಗೆ, ಸಕ್ಕರೆ ಕಾಯಿಲೆಯ ಹತೋಟಿಗೆ ಬೇಕೇ ಬೇಕು. ತೂಕ ಇಳಿಯುವುದು ಮಾತ್ರ ಬಹುಪಾಲು ತಟ್ಟೆಯ ಮುಂದೆ ತೀರ್ಮಾನವಾಗುತ್ತದೆ.

ಕಾವಲಿಯ ಮೇಲೆ ನಡೆಯುವ ಗುಣಾಕಾರ

600 ಕ್ಯಾಲೊರಿ ಎಲ್ಲಿಂದ ಬಂತು? ಒಂದು ದೊಡ್ಡ ದೋಸೆಗೆ ಸುಮಾರು 120 ಗ್ರಾಂ ಹಿಟ್ಟು ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಅಕ್ಕಿ, ಉದ್ದು ಸೇರಿ ಒಣ ಕಾಳು ಸುಮಾರು 50 ಗ್ರಾಂ, ಅದರ ಲೆಕ್ಕ 175 ಕ್ಯಾಲೊರಿ. ಕಾವಲಿಗೆ ಸವರಿದ್ದು, ಮೇಲೆ ಹಾಕಿದ್ದು, ಮಡಚಿದ ಮೇಲೆ ಇಟ್ಟ ಮುದ್ದೆ ಎಲ್ಲ ಸೇರಿ 30 ಗ್ರಾಂ ಬೆಣ್ಣೆ: 215. ಒಗ್ಗರಣೆಯ ಎಣ್ಣೆ ಸೇರಿದ ಆಲೂಗೆಡ್ಡೆ ಪಲ್ಯ: 110. ಕಾಯಿ ಚಟ್ನಿ ಧಾರಾಳವಾಗಿ: 110. ಕೂಡಿಸಿದರೆ 610. ಹೊಟ್ಟೆ ತುಂಬಿಸಿದ್ದು ಅಕ್ಕಿ, ಉದ್ದು, ಆಲೂಗೆಡ್ಡೆ. ಸಂಖ್ಯೆಯನ್ನು ತುಂಬಿಸಿದ್ದು ಬೆಣ್ಣೆ, ಎಣ್ಣೆ, ತೆಂಗಿನಕಾಯಿ. ದೋಸೆಯ ಮೈತುಂಬ ಹರಡಿರುವ ಧಾನ್ಯದ ಪಾಲು ಒಟ್ಟು ಕ್ಯಾಲೊರಿಯಲ್ಲಿ ಮೂರನೇ ಒಂದಕ್ಕೂ ಕಡಿಮೆ!

ಈ ಗುಣಾಕಾರ ಇನ್ನೂ ಜೋರಾಗಿ ಕಾಣುವುದು ಗೋಬಿ ಮಂಚೂರಿಯಲ್ಲಿ. 100 ಗ್ರಾಂ ಹೂಕೋಸಿನಲ್ಲಿರುವುದು ಬರೀ 25 ಕ್ಯಾಲೊರಿ. ತೂಕ ಇಳಿಸುವವರಿಗೆ ಅದಕ್ಕಿಂತ ಒಳ್ಳೆಯ ತರಕಾರಿ ಹುಡುಕುವುದು ಕಷ್ಟ. ಅದೇ ಹೂಕೋಸನ್ನು 50 ಗ್ರಾಂ ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಕರಿದಾಗ ಅದು 20 ಗ್ರಾಂ ಎಣ್ಣೆ ಹೀರಿಕೊಂಡರೆ, ಸಾಸಿನಲ್ಲಿ ಇನ್ನೊಮ್ಮೆ ಹುರಿದು ತಟ್ಟೆಗೆ ಬರುವ ಹೊತ್ತಿಗೆ 400 ದಾಟಿರುತ್ತದೆ. ಹದಿನಾರು ಪಟ್ಟು! ಹೆಸರು ಹೂಕೋಸಿನದು, ಅದರಲ್ಲಿ ಹೂಕೋಸಿನ ಪಾಲು ನೂರಕ್ಕೆ ಆರು.

ಒಂದು ಟೀ ಚಮಚ ಎಣ್ಣೆ ನಾಲ್ಕೂವರೆ ಗ್ರಾಂ, 40 ಕ್ಯಾಲೊರಿ. ಹೋಟೆಲಿನ ಅಡುಗೆಮನೆಯಲ್ಲಿ ಎಣ್ಣೆ ಸುರಿಯುವುದು ಟೀ ಚಮಚದಲ್ಲಲ್ಲ, ಸೌಟಿನಲ್ಲಿ. ಇದರಲ್ಲಿ ಯಾರ ಕಪಟವೂ ಇಲ್ಲ. ಎಣ್ಣೆ ಕಾವಲಿಗೆ ಹಿಟ್ಟು ಅಂಟದಂತೆ ನೋಡಿಕೊಳ್ಳುತ್ತದೆ, ಬೇಗ ಬೇಯಿಸುತ್ತದೆ, ಗರಿಗರಿ ಮಾಡುತ್ತದೆ, ಮಸಾಲೆಯ ಘಮವನ್ನು ಹಿಡಿದಿಡುತ್ತದೆ. ಗಂಟೆಗೆ ನೂರು ದೋಸೆ ಹುಯ್ಯುವ ಭಟ್ಟರಿಗೆ ಚಮಚ ಎಣಿಸಲು ಪುರುಸೊತ್ತು ಎಲ್ಲಿದೆ? ಎಣಿಸಬೇಕಾದವರು ತಿನ್ನುವ ನಾವು.

ದೇಶದ ಲೆಕ್ಕ ಇನ್ನೂ ದೊಡ್ಡದು. ನೀತಿ ಆಯೋಗದ 2024ರ ವರದಿಯ ಪ್ರಕಾರ ಭಾರತದಲ್ಲಿ ತಲಾ ಖಾದ್ಯತೈಲ ಬಳಕೆ ವರ್ಷಕ್ಕೆ 19.7 ಕೆಜಿ ಮುಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು 12 ಕೆಜಿ. ದಿನದ ಮಾತಿನಲ್ಲಿ ಹೇಳುವುದಾದರೆ ಹಸುಗೂಸಿನಿಂದ ಮುದುಕರವರೆಗೆ ತಲೆಗೆ 54 ಗ್ರಾಂ, ಸುಮಾರು ಹನ್ನೆರಡು ಟೀ ಚಮಚ.

ಅರ್ಧ ಚಮಚದ ಬಲ

ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ವರ್ಷಕ್ಕೆ 7,30,000 ಕ್ಯಾಲೊರಿ ತಿನ್ನುತ್ತಾರೆ. ಅಷ್ಟು ದೊಡ್ಡ ರಾಶಿಯಲ್ಲಿ ದಿನಕ್ಕೆ ಎಷ್ಟು ಹೆಚ್ಚಾದರೆ ತೂಕದ ಮುಳ್ಳು ಸರಿಯುತ್ತದೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು: ದಿನನಿತ್ಯದ ಆಹಾರದಲ್ಲಿ ಸುಮಾರು 24 ಕ್ಯಾಲೊರಿ ಕಾಯಂ ಆಗಿ ಹೆಚ್ಚಾದರೆ ಕೊನೆಗೆ ತೂಕ ಒಂದು ಕೆಜಿ ಏರುತ್ತದೆ, ಕಡಿಮೆಯಾದರೆ ಒಂದು ಕೆಜಿ ಇಳಿಯುತ್ತದೆ. ಆ ಬದಲಾವಣೆಯ ಅರ್ಧ ಮೊದಲ ವರ್ಷದಲ್ಲೂ, ಬಹುಪಾಲು ಮೂರು ವರ್ಷದೊಳಗೂ ಆಗಿಬಿಡುತ್ತದೆ. ಆಮೇಲೆ ಹೊಸ ತೂಕಕ್ಕೆ ತಕ್ಕಂತೆ ದೇಹದ ಖರ್ಚು ಬದಲಾಗಿ ತೂಕ ನಿಲ್ಲುತ್ತದೆ.

24 ಕ್ಯಾಲೊರಿ ಅಂದರೆ ಎಷ್ಟು? ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು ಎಣ್ಣೆ. ದಿನದ ಊಟದ ನೂರರಲ್ಲಿ ಒಂದು ಪಾಲು. ಈ ಸೂತ್ರವನ್ನು ಕೈಯಲ್ಲಿ ಹಿಡಿದು ಹೋಟೆಲಿನ ಕಾಫಿಯನ್ನು ನೋಡಿ. ಒಂದು ಲೋಟ ಫಿಲ್ಟರ್ ಕಾಫಿಗೆ 80 ಮಿಲಿ ಹಾಲು, ಎರಡು ಚಮಚ ಅಂದರೆ 10 ಗ್ರಾಂ ಸಕ್ಕರೆ ಹಿಡಿದರೆ 90 ಕ್ಯಾಲೊರಿ. ದಿನಕ್ಕೆ ಮೂರು ಲೋಟ ಕುಡಿದರೆ 30 ಗ್ರಾಂ ಸಕ್ಕರೆ. ವರ್ಷಕ್ಕೆ ಹತ್ತಿರ ಹತ್ತಿರ 11 ಕೆಜಿ ಸಕ್ಕರೆ! ವಿಶ್ವ ಆರೋಗ್ಯ ಸಂಸ್ಥೆ ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ 5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎನ್ನುತ್ತದೆ. 2,000 ಕ್ಯಾಲೊರಿಯವರಿಗೆ ಅದು 25 ಗ್ರಾಂ. ಬೇರೇನೂ ತಿನ್ನದೆ ಬರೀ ಕಾಫಿಯಲ್ಲೇ ಆ ಗೆರೆ ದಾಟಿತು. ಇನ್ನೊಂದು ಮಗ್ಗುಲಿನಿಂದ ನೋಡಿದರೆ ಇದೇ ಸಂಖ್ಯೆ ಸಂತೋಷ ಕೊಡುತ್ತದೆ. ಕಾಫಿ ಬಿಡಬೇಡಿ, ಹಾಲು ಬಿಡಬೇಡಿ, ಸಕ್ಕರೆ ಮಾತ್ರ ಬಿಡಿ. ದಿನಕ್ಕೆ 120 ಕ್ಯಾಲೊರಿ ಉಳಿಯಿತು. 24ರಿಂದ ಭಾಗಿಸಿ: ಉಳಿದೆಲ್ಲವೂ ಇದ್ದಂತೆಯೇ ಇದ್ದರೆ, ಕಾಲಕ್ರಮದಲ್ಲಿ ಐದು ಕೆಜಿ.

ಐದು ಕೆಜಿ ಇಳಿಸಲು ಸಾವಿರಾರು ರೂಪಾಯಿ ಖರ್ಚು ಮಾಡುವವರಿದ್ದಾರೆ. ಇಲ್ಲಿ ಬೇಕಾದದ್ದು ಕೌಂಟರಿನಲ್ಲಿ ಎರಡೇ ಮಾತು: ‘ಸಕ್ಕರೆ ಬೇಡ’.

ಕಣ್ಣಿನ ಲೆಕ್ಕ ಎಲ್ಲಿ ತಪ್ಪುತ್ತದೆ

ಇಷ್ಟು ದೊಡ್ಡ ಸಂಖ್ಯೆಗಳು ನಮ್ಮ ಕಣ್ಣಿಗೆ ಯಾಕೆ ಬೀಳುವುದಿಲ್ಲ? ಕಣ್ಣು ಅಳೆಯುವುದು ಗಾತ್ರವನ್ನು. ದೇಹ ಕೂಡಿಡುವುದು ಶಕ್ತಿಯನ್ನು. ಎರಡಕ್ಕೂ ನಂಟು ಬಹಳ ಸಡಿಲ. ಒಂದು ಬಟ್ಟಲು ಮಜ್ಜಿಗೆ ಹುಳಿಗೂ ಅಷ್ಟೇ ದೊಡ್ಡ ಬಟ್ಟಲು ಕೇಸರಿಬಾತಿಗೂ ಗಾತ್ರ ಒಂದೇ, ಕ್ಯಾಲೊರಿಯಲ್ಲಿ ಅಜಗಜಾಂತರ.

2013ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನವೊಂದರಲ್ಲಿ ಅಮೆರಿಕದ 89 ಫಾಸ್ಟ್‌ಫುಡ್ ಹೋಟೆಲುಗಳ ಗಿರಾಕಿಗಳನ್ನು ‘ನೀವೀಗ ಕೊಂಡ ಊಟದಲ್ಲಿ ಎಷ್ಟು ಕ್ಯಾಲೊರಿ ಇದೆ?’ ಎಂದು ಕೇಳಿದರು. ಮೂರರಲ್ಲಿ ಎರಡು ಪಾಲು ಜನ ಕಡಿಮೆ ಹೇಳಿದರು. ನಾಲ್ಕರಲ್ಲೊಬ್ಬರ ಅಂದಾಜು 500 ಕ್ಯಾಲೊರಿಗಿಂತಲೂ ಹೆಚ್ಚು ತಪ್ಪಿತ್ತು. ಅಂದರೆ ಒಂದು ಪೂರ್ತಿ ಊಟವೇ ಅವರ ಲೆಕ್ಕದಿಂದ ಜಾರಿಹೋಗಿತ್ತು. ಅದಕ್ಕೂ ಹಿಂದೆ, 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಪ್ರಯೋಗವನ್ನು ಪ್ರಕಟಿಸಿತ್ತು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ವಿಜ್ಞಾನಿಗಳು ಕರಾರುವಾಕ್ಕಾಗಿ ಅಳೆದರು. ಅವರ ದೇಹದಲ್ಲಿ ದೋಷವೇನೂ ಸಿಗಲಿಲ್ಲ. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿಯೂ ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚಾಗಿಯೂ ಅವರು ಬರೆದುಕೊಂಡಿದ್ದರು. ಅವರನ್ನು ದೂರುವುದು ಸಲ್ಲ. ಎಣ್ಣೆಯನ್ನು ಕಣ್ಣಿನಿಂದ ತೂಗುವ ವಿದ್ಯೆ ಯಾರಿಗೂ ಒಲಿದಿಲ್ಲ.

ನಮಗೆ ಇನ್ನೂ ಹತ್ತಿರದ ಅಧ್ಯಯನವೊಂದಿದೆ. ಟಫ್ಟ್ಸ್ ವಿಶ್ವವಿದ್ಯಾಲಯದ ಸೂಸನ್ ರಾಬರ್ಟ್ಸ್ ಮತ್ತು ಸಂಗಡಿಗರು ಬ್ರೆಜಿಲ್, ಚೀನಾ, ಫಿನ್ಲೆಂಡ್, ಘಾನಾ, ಭಾರತ ಈ ಐದು ದೇಶಗಳಲ್ಲಿ ಒಂದೊಂದು ಊರನ್ನು ಆರಿಸಿ, ಜನ ಹೆಚ್ಚಾಗಿ ಕೊಳ್ಳುವ ಹೋಟೆಲ್ ಊಟಗಳನ್ನು ತರಿಸಿ, ಪ್ರಯೋಗಾಲಯದಲ್ಲಿ ಸುಟ್ಟು ಶಾಖ ಅಳೆದರು. ಭಾರತದಿಂದ ಆಯ್ಕೆಯಾದ ಊರು ಬೆಂಗಳೂರು. 111 ಹೋಟೆಲುಗಳು, 223 ಊಟಗಳು. ಫಲಿತಾಂಶ 2018ರ ಡಿಸೆಂಬರಿನಲ್ಲಿ ಹೊರಬಂತು. ಕೂತು ಉಣ್ಣುವ ರೆಸ್ಟೊರೆಂಟುಗಳ ಊಟಗಳಲ್ಲಿ ಶೇ 94ರಷ್ಟು 600 ಕ್ಯಾಲೊರಿಯ ಮೇಲಿದ್ದವು. ಅವುಗಳ ಸರಾಸರಿ 1,317. ಎಲ್ಲರೂ ಬೈಯುವ ಫಾಸ್ಟ್‌ಫುಡ್ಡಿನ ಸರಾಸರಿ 809. ಕೂತು ಉಣ್ಣುವ ಊಟಕ್ಕಿಂತ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಕಡಿಮೆ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಹೆಚ್ಚಾಗಿ ಕೂತೇ ಕೆಲಸ ಮಾಡುವ 55 ಕೆಜಿಯ ಮಹಿಳೆಗೆ ದಿನಕ್ಕೆ ಬೇಕಾದದ್ದು 1,660 ಕ್ಯಾಲೊರಿ, 65 ಕೆಜಿಯ ಗಂಡಸಿಗೆ 2,110. ಆ ಮಹಿಳೆ 1,317 ಕ್ಯಾಲೊರಿಯ ಒಂದು ಊಟ ಉಂಡರೆ ಇಡೀ ದಿನದ ಐದರಲ್ಲಿ ನಾಲ್ಕು ಪಾಲು ಒಂದೇ ಹೊತ್ತಿಗೆ ಮುಗಿಯಿತು.

ಆರು ದಿನದ ಗಳಿಕೆ, ಒಂದು ದಿನದ ಖರ್ಚು

ತೂಕ ಇಳಿಸುವವರ ವಾರ ಹೇಗಿರುತ್ತದೆ ನೋಡಿ. ಸೋಮವಾರದಿಂದ ಶನಿವಾರದವರೆಗೆ ಮನೆಯಲ್ಲಿ ಕಟ್ಟುನಿಟ್ಟು. ದಿನಕ್ಕೆ 400 ಕ್ಯಾಲೊರಿ ಕಡಿತ. ಆರು ದಿನಕ್ಕೆ 2,400 ಉಳಿತಾಯ. ಭಾನುವಾರ ಬೆಳಿಗ್ಗೆ ಬೆಣ್ಣೆ ಮಸಾಲೆ, ಒಂದು ಸಣ್ಣ ಬಟ್ಟಲು ಕೇಸರಿಬಾತು, ಕಾಫಿ: 970. ತಿಂಡಿಗೆಂದು ಎತ್ತಿಟ್ಟಿದ್ದು 350. ಹೆಚ್ಚಿಗೆ ಹೋದದ್ದು 620. ರಾತ್ರಿ ಮೇಲೆ ಹೇಳಿದ ಫ್ಯಾಮಿಲಿ ರೆಸ್ಟೊರೆಂಟಿನ 1,700ರ ಊಟ. ಊಟಕ್ಕೆಂದು ಎತ್ತಿಟ್ಟಿದ್ದು 500. ಹೆಚ್ಚಿಗೆ ಹೋದದ್ದು 1,200. ಎರಡೂ ಕೂಡಿ 1,820. ಆರು ದಿನ ಬಾಯಿ ಕಟ್ಟಿ ಗಳಿಸಿದ್ದರಲ್ಲಿ ಮುಕ್ಕಾಲು ಭಾಗ ಒಂದೇ ಭಾನುವಾರ, ಎರಡೇ ಹೊತ್ತಿನಲ್ಲಿ ಕರಗಿಹೋಯಿತು. ಉಳಿದ 580ರಲ್ಲಿ ಕರಗುವ ಕೊಬ್ಬು 75 ಗ್ರಾಂ.

‘ವಾರವಿಡೀ ಇಷ್ಟು ಕಷ್ಟಪಟ್ಟರೂ ಇಳಿಯುತ್ತಿಲ್ಲ’ ಎಂದು ನೊಂದುಕೊಳ್ಳುವ ಎಷ್ಟೋ ಜನರ ಗುಟ್ಟು ಇಲ್ಲಿದೆ. ಅವರ ಮನೋಬಲದಲ್ಲಿ ಕೊರತೆಯಿಲ್ಲ. ಆರು ದಿನ ನಡೆಸಿ ತೋರಿಸಿದ್ದಾರೆ. ಕೊರತೆ ಇರುವುದು ಮಾಹಿತಿಯಲ್ಲಿ. ಅವರು ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ ಪರಿಹಾರ ಭಾನುವಾರದ ಹೋಟೆಲನ್ನು ಬಿಡುವುದರಲ್ಲಿ ಇಲ್ಲವೇ ಇಲ್ಲ.

ಅದೇ ಹೋಟೆಲು, ಅದೇ ಮೇಜು

ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಹುಟ್ಟಿಸುವ ಅಂತರ ಇದು. ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರಿಗೆ ಬೆಣ್ಣೆ ಮಸಾಲೆ ಬಂತು, 600. ಇನ್ನೊಬ್ಬರಿಗೆ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು, ಒಂದು ಚಮಚ ಚಟ್ನಿ: 240. ಇಬ್ಬರ ತಟ್ಟೆಯಲ್ಲೂ ಇರುವುದು ಅದೇ ಅಕ್ಕಿ, ಅದೇ ಉದ್ದು. ಇಬ್ಬರೂ ಹೊಟ್ಟೆ ತುಂಬಿಸಿಕೊಂಡೇ ಎದ್ದರು. ಅಂತರ 360. ವಾರಕ್ಕೆ ಮೂರು ದಿನ ಹೊರಗೆ ತಿಂಡಿ ತಿನ್ನುವವರು ದೋಸೆಯಿಂದ ಇಡ್ಲಿಗೆ ಬದಲಾದರೆ ದಿನದ ಸರಾಸರಿಯಲ್ಲಿ 154 ಕ್ಯಾಲೊರಿ ಉಳಿಯುತ್ತದೆ. 24ರಿಂದ ಭಾಗಿಸಿದರೆ ಆರು ಕೆಜಿಗೂ ಹೆಚ್ಚು. ಹಬೆ ಮತ್ತು ಬೆಣ್ಣೆ ಇವೆರಡರ ನಡುವಿನ ದೂರ ಅದು.

ಉತ್ತರ ಭಾರತದ ಊಟಕ್ಕೆ ಕೂತರೆ, ಒಂದು ಬಟರ್ ನಾನ್ ಸುಮಾರು 300, ಬೆಣ್ಣೆ ಸವರದ ತಂದೂರಿ ರೊಟ್ಟಿ ಸುಮಾರು 130. ಎರಡೆರಡು ತಿಂದರೆ ಅಂತರ 340. ಕೆನೆ ಹಾಕಿದ ಗ್ರೇವಿಯ ಬದಲು ದಾಲ್. ಕರಿದ ಕಬಾಬಿನ ಬದಲು ತಂದೂರಿ ಕೋಳಿ. ಸಿಹಿ ಲಸ್ಸಿ 250 ಮುಟ್ಟಿದರೆ ನೀರುಮಜ್ಜಿಗೆ 30. ಮಂಡ್ಯ, ಹಾಸನದ ಕಡೆಯ ಊಟದ ಹೋಟೆಲಿನಲ್ಲಿ 80 ಗ್ರಾಂ ರಾಗಿಹಿಟ್ಟಿನ ಮುದ್ದೆಗೆ 256, ಬಸ್ಸಾರು, ಸೊಪ್ಪಿನ ಪಲ್ಯ ಸೇರಿ 400ರೊಳಗೆ ಗಟ್ಟಿ ಊಟವೇ ಆಯಿತು. ದೊನ್ನೆ ಬಿರಿಯಾನಿ ತಿನ್ನಲೇಬೇಕು ಅನ್ನಿಸಿದ ದಿನ ಅರ್ಧ ಪ್ಲೇಟ್ ತರಿಸಿ, ಪಕ್ಕಕ್ಕೆ ಸೌತೆಕಾಯಿ ಈರುಳ್ಳಿಯ ಮೊಸರು ಬಜ್ಜಿ ಕೇಳಿ.

ಬೆಣ್ಣೆ ಮಸಾಲೆಯ ಆಸೆಯನ್ನು ಕೊಂದುಕೊಳ್ಳಬೇಕಾಗಿಯೂ ಇಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಬೈಟು ಕಾಫಿಯ ಸಂಪ್ರದಾಯ ಎಷ್ಟೋ ಕಾಲದಿಂದ ಇದೆ. ಒಂದನ್ನು ಇಬ್ಬರು ಹಂಚಿಕೊಂಡರೆ ಯಾವ ಹೋಟೆಲಿನವರೂ ಮುಖ ಸಿಂಡರಿಸುವುದಿಲ್ಲ. ಅದನ್ನೇ ದೋಸೆಗೂ ಕೇಸರಿಬಾತಿಗೂ ವಿಸ್ತರಿಸಿ. ಇಬ್ಬರ ನಡುವೆ ಒಂದು ಬೆಣ್ಣೆ ಮಸಾಲೆ, ಒಂದು ಪ್ಲೇಟ್ ಇಡ್ಲಿ ಎಂದರೆ ತಲೆಗೆ 420. ರುಚಿಯೂ ಸಿಕ್ಕಿತು, 180 ಕ್ಯಾಲೊರಿಯೂ ಉಳಿಯಿತು. ಮೊದಲ ತುತ್ತಿನಲ್ಲಿರುವ ಸುಖ ಕೊನೆಯ ತುತ್ತಿನಲ್ಲಿರುವುದಿಲ್ಲ ಎಂದು ತಿಂಡಿಪ್ರಿಯರೆಲ್ಲರಿಗೂ ಗೊತ್ತು.

ಇಲ್ಲಿ ಒಂದು ಎಚ್ಚರದ ಮಾತು. ಈ ಸಂಖ್ಯೆಗಳು ಹೋಟೆಲಿನಿಂದ ಹೋಟೆಲಿಗೆ, ಕೈಯಿಂದ ಕೈಗೆ ಬದಲಾಗುತ್ತವೆ. ಪ್ರಮಾಣದ ಅಂದಾಜಿಗೆ ಸಾಕು, ಬಿಡಿ ಕ್ಯಾಲೊರಿಯ ಜಗಳಕ್ಕೆ ಬೇಡ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರ ಕಡಿತ ಮಾಡಬಾರದು.

ಬೋರ್ಡಿನ ಮೇಲೆ ಒಂದು ಸಂಖ್ಯೆ

ಇದು ಬರೀ ಒಬ್ಬೊಬ್ಬರ ಸೊಂಟದಳತೆಯ ವಿಷಯವಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ 23.3, ಪುರುಷರಲ್ಲಿ ಶೇ 22.1ರಷ್ಟು ಮಂದಿ ಅತಿತೂಕ ಅಥವಾ ಬೊಜ್ಜಿನವರಾಗಿದ್ದರು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 30.1 ಮತ್ತು ಶೇ 30.9ಕ್ಕೆ ಏರಿತು. ಅರ್ಧ ದಶಕದ ಆಸುಪಾಸಿನಲ್ಲಿ ಇಷ್ಟು ಏರಿಕೆ! ಹತ್ತು ಜನರ ಮೇಜಿನಲ್ಲಿ ಮೂವರು. ಅವರ ಹಿಂದೆಯೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಸಾಲುಗಟ್ಟಿ ಬರುತ್ತವೆ.

ಕಾನೂನು ಒಂದು ಹೆಜ್ಜೆ ಇಟ್ಟಿದೆ. 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ, ಅಥವಾ ಕೇಂದ್ರ ಪರವಾನಗಿ ಪಡೆದ ಹೋಟೆಲುಗಳು ಪ್ರತಿ ತಿನಿಸಿನ ಕ್ಯಾಲೊರಿಯನ್ನು ಮೆನುವಿನಲ್ಲಿ ತೋರಿಸಬೇಕೆಂಬ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳಿಗೆ ಇಂಥ ನಿಯಮ 2018ರ ಮೇ ತಿಂಗಳಲ್ಲಿ ಬಂತು. ಆದರೆ ನಮ್ಮ ಬೀದಿ ಮೂಲೆಯ ದರ್ಶಿನಿ, ಖಾನಾವಳಿ, ಮಿಲಿಟರಿ ಹೋಟೆಲುಗಳಲ್ಲಿ ಹೆಚ್ಚಿನವು ಈ ನಿಯಮದ ಹೊರಗಿವೆ. ನಾವು ದಿನಾ ತಿನ್ನುವುದು ಅಲ್ಲೇ. ಸಂಖ್ಯೆ ತೋರಿಸಿದ ಮಾತ್ರಕ್ಕೆ ಪವಾಡ ನಡೆಯುವುದಿಲ್ಲ ಎಂಬುದೂ ನಿಜ. 2025ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕ್ಯಾಲೊರಿ ಬರೆದಿಟ್ಟರೆ 600 ಕ್ಯಾಲೊರಿಯ ಊಟದಲ್ಲಿ ಜನ ಸರಾಸರಿ 11 ಕಡಿಮೆ ಆರಿಸುತ್ತಾರೆ, ಅಷ್ಟೇ. ಆದರೆ ಸರಾಸರಿಯೊಳಗೆ ಸಂಖ್ಯೆಯ ಕಡೆ ಕಣ್ಣೇ ಹಾಯಿಸದವರೂ ಇರುತ್ತಾರೆ. ತೂಕ ಇಳಿಸಬೇಕೆಂದು ಹಟ ತೊಟ್ಟವರಿಗೆ ಅದೇ ಸಂಖ್ಯೆ ಪ್ರತಿ ತಿಂಡಿಗೆ 360 ಉಳಿಸುವ ದಾರಿ ತೋರಿಸಬಲ್ಲದು.

ಹೋಟೆಲ್ ನಡೆಸುವವರಲ್ಲಿ ನನ್ನ ಮನವಿ ಇಷ್ಟು: ಬೆಲೆಯ ಪಕ್ಕದಲ್ಲಿ ಕ್ಯಾಲೊರಿಯ ಒಂದು ಅಂದಾಜು ಬರೆಸಿ. ಅರ್ಧ ಪ್ಲೇಟನ್ನು ಎಲ್ಲ ತಿನಿಸಿಗೂ ಕೊಡಿ. ಕಾಫಿಯ ಸಕ್ಕರೆಯನ್ನು ಬೇರೆಯಾಗಿ ಇಡಿ. ಇದರಿಂದ ಗಿರಾಕಿ ದೂರವಾಗುವುದಿಲ್ಲ; ತೂಕದ ಭಯಕ್ಕೆ ಹೋಟೆಲಿಗೇ ಬಾರದವರು ನಿಶ್ಚಿಂತೆಯಿಂದ ಬರುತ್ತಾರೆ.

ಓದುಗರಿಗೆ ಹೇಳುವುದು ಇದು: ಹೊರಗೆ ತಿನ್ನುವ ಖುಷಿಯನ್ನು ಬಿಟ್ಟುಕೊಡಬೇಡಿ. ಆರ್ಡರ್ ಕೊಡುವ ಮೊದಲು ಮೂರೇ ಪ್ರಶ್ನೆ ಕೇಳಿಕೊಳ್ಳಿ. ಇದು ಹಬೆಯದೋ ಎಣ್ಣೆಯದೋ? ಇದರಲ್ಲಿ ಸಕ್ಕರೆ ಎಷ್ಟು? ಇದನ್ನು ಹಂಚಿಕೊಳ್ಳಬಹುದೇ? ಈ ಮೂರಕ್ಕೆ ಉತ್ತರ ಗೊತ್ತಿದ್ದವರು ವಾರದ ಏಳೂ ದಿನ ಹೋಟೆಲಿನಲ್ಲಿ ತಿಂದೂ ತೂಕ ಇಳಿಸಬಲ್ಲರು. ಗೊತ್ತಿಲ್ಲದವರು ಆರು ದಿನ ಮನೆಯಲ್ಲೇ ಉಂಡರೂ ಏಳನೆಯ ದಿನ ಸೋಲುತ್ತಾರೆ.